ಗುಡ್ಡ ಬಿಡಿಸಿ, ಕ್ವಾರಿ ಕೊಡಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ರೇಸ್ ಅಂದರೆ ಭಾಳ ಹುಚ್ಚು. ಫಾರ್ಮುಲಾ ಒನ್ ಕಾರ್ ರೇಸ್ ಇರುವ ಭಾನುವಾರ ಮನೆಯಲ್ಲಿ ಯಾರೂ ನನಗೆ ಕೆಲಸ ಹೇಳುವುದಿಲ್ಲ, ಹೇಳಿದರೂ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತು. ಹಾಗಾಗಿ ಇದು ರೇಸ್ ಬಂದ್ ಮಾಡಿ ಅನ್ನುವ ಅರ್ಜಿಯಲ್ಲ.

ಕೇಳುವುದು ಎರಡು. ಗದಗಿನ ಕಪ್ಪತಗುಡ್ಡ, ರಾಣೆಬೆನ್ನೂರಿನ ಚಿಗರಿ (ಕೃಷ್ಣಮೃಗ) ಕಾಡು, ಕೆರೆಯಂಗಳಗಳಿಂದ ಮೋಜಿನ ಗಾಡಿಗಳನ್ನು ಪೂರ್ತಿ ಹೊರಗಿಡಿ. ಜೊತೆಗೆ, ಅದೇ ಆದೇಶದಲ್ಲಿ, ನಮ್ಮ ಹುಡುಗರಿಗೆ ಗಾಡಿ ಓಡಿಸಲು ಒಂದು ಕಾಯಂ ಜಾಗ ತೋರಿಸಿ. ಕಲ್ಲು ತೆಗೆದು ಕೈಬಿಟ್ಟ ಕ್ವಾರಿ ಆದರೂ ಸಾಕು. ಕ್ವಾರಿಯೇ ಆದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಬರೀ ಮೊದಲನೆಯದನ್ನು ಮಾಡಿದರೆ ಹುಡುಗರು ರಾತ್ರಿ ಬೈಪಾಸಿಗೆ ಬರುತ್ತಾರೆ. ಬರೀ ಎರಡನೆಯದನ್ನು ಮಾಡಿದರೆ ಗುಡ್ಡದ ಚಟ ಬಿಡುವುದಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಗ್ಯಾರೇಜಿಗೆ ಬಂದು ನೋಡಿ. ಭಾನುವಾರ ಎಲ್ಲಿಗೆ ಹೋಗಿತ್ತು ಅಂತ ಗಾಡಿಯೇ ಹೇಳುತ್ತದೆ. ನವಲಗುಂದದ ಕಡೆ ಹೋದ ಗಾಡಿಯ ಮಡ್‌ಗಾರ್ಡಿನಲ್ಲಿ ಎರೆಮಣ್ಣು ಕರಿ ಹೆಂಟೆಯಾಗಿ ಕೂತಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕು. ಗದಗಿನ ಗುಡ್ಡ ಹತ್ತಿ ಬಂದ ಗಾಡಿಯ ಏರ್ ಫಿಲ್ಟರ್ ಬಿಚ್ಚಿದರೆ ಕೆಂಪು ಹುಡಿ, ಕುಂಕುಮದಷ್ಟು ನುಣ್ಣಗೆ. ಫಿಲ್ಟರಿನ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದರೆ ಬೋಗುಣಿ ಪೂರ್ತಿ ಕೆಂಪಾಗುತ್ತದೆ. ಎಂಜಿನ್ ಫಿನ್ನುಗಳ ಸಂದಿಯಲ್ಲಿ ಹುಲ್ಲಿನ ಮುಳ್ಳುಬೀಜ ಸಿಕ್ಕಿಕೊಂಡಿರುತ್ತದೆ. ಸೈಲೆನ್ಸರಿನ ಬೆಂಡಿಗೆ ಒಣಹುಲ್ಲು ಸುತ್ತಿಕೊಂಡು ಅರ್ಧ ಸುಟ್ಟು ಕರಿಯಾಗಿರುತ್ತದೆ.

ಈ ಕರಿಹುಲ್ಲು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಬೇಸಿಗೆ ಹತ್ತಿರ ಬಂದಂತೆ ಕಪ್ಪತಗುಡ್ಡದ ಹುಲ್ಲು ಮೊಣಕಾಲಿಗಿಂತ ಮೇಲೆ ಒಣಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಬೀಳುವುದು ಹೊಸ ಸುದ್ದಿಯೇನಲ್ಲ. ಎಲ್ಲ ಬೆಂಕಿಯೂ ಬೈಕಿನದಲ್ಲ. ಬೀಡಿಯದೂ ಇದೆ, ಬೇಕಂತಲೇ ಹಚ್ಚುವವರೂ ಇದ್ದಾರೆ. ಆದರೆ ಕಾದ ಸೈಲೆನ್ಸರಿಗೆ ಒಣಹುಲ್ಲು ತಾಗಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಾನು ಕೈಯಾರೆ ಬಿಡಿಸಿ ತೆಗೆದ ಹುಲ್ಲಿನಲ್ಲೇ ಇದೆ.

ಹುಡುಗರನ್ನು ಕೇಳಿದರೆ, "ಕಾಕಾ, ಒಂದ್ ರೌಂಡ್ ಹೊಡದ್ ಬಂದೀವಿ ಅಷ್ಟ. ಅಷ್ಟ್ ದೊಡ್ಡ ಗುಡ್ಡಕ್ಕ ಏನ್ ಆಗತೈತಿ?" ಅನ್ನುತ್ತಾರೆ. ಒಳ್ಳೆಯ ಹುಡುಗರೇ. ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಆಗುವುದು ಹೀಗೆ. ಮಣ್ಣಿನ ಟೈರಿಗೆ ದಪ್ಪ ದಪ್ಪ ಹಲ್ಲು ಇರುತ್ತವೆ. ಏರು ಹತ್ತುವಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹುಲ್ಲನ್ನು ಬೇರುಸಹಿತ ಕಿತ್ತು ಎಸೆಯುತ್ತದೆ. ಒಂದೇ ಜಾಡಿನಲ್ಲಿ ಹತ್ತಾರು ಗಾಡಿ ಹತ್ತಿದರೆ ಅಲ್ಲೊಂದು ಗೆರೆ ಬೀಳುತ್ತದೆ. ಬೇಸಿಗೆಯ ಮೊದಲ ಅಡ್ಡಮಳೆ ಹೊಡೆದಾಗ ನೀರು ಆ ಗೆರೆ ಹಿಡಿದೇ ಇಳಿಯುತ್ತದೆ. ಒಂದೆರಡು ಮಳೆಗಾಲ ಕಳೆದರೆ ಗೆರೆ ಕೊರಕಲಾಗುತ್ತದೆ. ಕೊರಕಲಿನ ಮಣ್ಣು ಕೆಳಗಿನ ಊರಿನ ಕೆರೆ ಸೇರಿ ಹೂಳಾಗುತ್ತದೆ. ಆ ಹೂಳು ತೆಗೆಸಲು ಟೆಂಡರ್ ಕರೆಯುವವರು ನೀವೇ ಅಲ್ವಾ? ಇನ್ನು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಪಾಡು ಬೇರೆ. ಟಿಟ್ಟಿಭ ಹಕ್ಕಿ ಮರ ಹತ್ತಿ ಗೂಡು ಕಟ್ಟುವುದಿಲ್ಲ. ಬೆಣಚುಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ ಇಟ್ಟು ಕಾವು ಕೂರುತ್ತದೆ. ನಿಂತು ಹುಡುಕಿದರೂ ಕಾಣದ ಮೊಟ್ಟೆ, ಆಕ್ಸಿಲರೇಟರ್ ತಿರುವಿಕೊಂಡು ಹೋಗುವವನಿಗೆ ಎಲ್ಲಿ ಕಾಣಬೇಕು?

ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು ಅಂತ ನಮ್ಮ ಕಡೆ ಮಾತಿದೆ. ಆ ಗುಡ್ಡವನ್ನು ಉಳಿಸಿಕೊಳ್ಳಲು ಗದಗಿನ ಮಂದಿ ಎಷ್ಟು ಬಡಿದಾಡಿದರು ಅನ್ನುವುದು ನಿಮ್ಮ ಕಡತಗಳಲ್ಲೇ ಇದೆ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. 2016ರಲ್ಲಿ ಅದನ್ನು ವಾಪಸ್ ತೆಗೆದರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಊರೂರಿನವರು ಹಿಂದೆ ನಿಂತರು, 2017ರಲ್ಲಿ ಮತ್ತೆ ಘೋಷಣೆ ಆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಜಾಗ ವನ್ಯಜೀವಿ ಧಾಮ ಆಯಿತು. ಗಣಿ ಕಂಪನಿಗಳನ್ನು ತಡೆದು ಉಳಿಸಿದ ಗುಡ್ಡವನ್ನು ವಾರದ ರಜೆಯ ಮೋಜಿಗೆ ಬಿಟ್ಟುಕೊಡುವುದು ಅಂದರೆ ನಾಚಿಕೆಗೇಡು. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಪ್ರಕಾರ ಧಾಮದೊಳಗೆ ಸುಮ್ನೆ ನುಗ್ಗುವಂತೆಯೇ ಇಲ್ಲ. ಕಪ್ಪತ ಮಲ್ಲಯ್ಯನ ಗುಡಿಗೆ ಹೋಗುವ ಭಕ್ತರದ್ದು ಬೇರೆ ವಿಷಯ, ಗುಡ್ಡದ ಬುಡದ ಊರುಗಳ ದನಗಾಹಿಗಳದ್ದೂ ಬೇರೆ. ನಾನು ಹೇಳುತ್ತಿರುವುದು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಬರುವ ನಮ್ಮಂಥವರ ಬಗ್ಗೆ. (ಗಾಳಿಯಂತ್ರದ ಕಂಪನಿಗಳು ಅದೇ ಗುಡ್ಡಸಾಲಿನ ನೆತ್ತಿಗೆ ರಸ್ತೆ ಕೊರೆದಾಗ ಇಷ್ಟು ಕಾನೂನು ಯಾರೂ ಮಾತಾಡಲಿಲ್ಲ ಅಂತ ಹುಡುಗರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇರಬಹುದು.)

ಹಾವೇರಿ ಸಾಹೇಬರು ರಾಣೆಬೆನ್ನೂರನ್ನು ನೋಡಬೇಕು. 1974ರಿಂದ ಇರುವ 119 ಚದರ ಕಿಲೋಮೀಟರಿನ ಚಿಗರಿ ಧಾಮ. ಸಪಾಟು ನೆಲ, ನೀಲಗಿರಿ ತೋಪು, ಹುಲ್ಲು. ಗಾಡಿ ಓಡಿಸುವವನ ಕಣ್ಣಿಗೆ ಅದು ಮೈದಾನ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕೆ ಅಲ್ಲಿತ್ತು, ಈಗ ಇಲ್ಲ. ಚಿಗರಿ, ತೋಳ ಉಳಿದಿವೆ. ಮರಿ ಹಾಕಿದ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯುತ್ತದೆ. ಅಲ್ಲಿಗೆ ಒಂದು ಗಾಡಿ ಹೋದರೂ ಜಾಸ್ತಿಯೇ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯದ್ದೂ ಅದೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಪೂರ್ತಿ ಅಲ್ಲಿರುತ್ತವೆ. ರಾತ್ರಿ ಹೊಲಗಳಲ್ಲಿ ಮೇದು, ಹಗಲು ನೀರಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತವೆ. 2024ರ ಜನವರಿಯಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ದಂಡೆಯ ಮೇಲೆ ಸೈಲೆನ್ಸರ್ ಬಿಚ್ಚಿದ ಒಂದು ಬೈಕ್ ಹೋದರೆ ಇಡೀ ಹಿಂಡು ಏಳುತ್ತದೆ. ಅದನ್ನು ವಿಡಿಯೊ ಮಾಡಿ ಹಾಕುವುದು ಈಗಿನ ಫ್ಯಾಷನ್.

ಈಗ ಇನ್ನೊಂದು ಕಡೆಯವರಿಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಆಗಾಗ ಮಣ್ಣಿನ ಟ್ರ್ಯಾಕಿನ ಸ್ಪರ್ಧೆ ಆದಾಗಲೆಲ್ಲ, "ಪೆಟ್ರೋಲ್ ಸುಟ್ಟು ಹೊಗೆ ಮಾಡುವ ಆಟ ಯಾಕೆ ಬೇಕು, ನಿಷೇಧಿಸಿ" ಅನ್ನುವ ಮನವಿ ನಿಮ್ಮ ಕಚೇರಿಗೆ ಬರುತ್ತದೆ. ಹೇಳುವವರ ಕಾಳಜಿ ನಿಜ. ಲೆಕ್ಕ ಮಾತ್ರ ತಪ್ಪು.

ಜಗತ್ತಿನ ಅತಿ ದೊಡ್ಡ ರೇಸಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಫಾರ್ಮುಲಾ ಒನ್ 2019ರಲ್ಲಿ, 2030ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ (ಬಿಟ್ಟಷ್ಟು ಇಂಗಾಲವನ್ನು ಸರಿದೂಗಿಸುವ ಮಟ್ಟಕ್ಕೆ) ಬರುತ್ತೇವೆ ಅಂತ ಘೋಷಿಸಿತು. ಆಗ ತಮ್ಮ ವರ್ಷದ ಇಂಗಾಲದ ಲೆಕ್ಕವನ್ನೂ ಬಿಚ್ಚಿಟ್ಟರು: 2,56,551 ಟನ್. ಅದರಲ್ಲಿ ಕಾರುಗಳು ಟ್ರ್ಯಾಕಿನ ಮೇಲೆ ಸುಡುವ ಇಂಧನದ ಪಾಲು ಶೇ 0.7. ಹೌದು, ಒಂದಕ್ಕಿಂತ ಕಡಿಮೆ. ಕಾರು, ಟೈರು, ಸಾಮಾನು ಸರಂಜಾಮುಗಳನ್ನು ವಿಮಾನ, ಹಡಗು, ಲಾರಿಗಳಲ್ಲಿ ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೇ ಶೇ 45. ತಂಡದ ಮಂದಿ ಓಡಾಡುವುದಕ್ಕೆ ಇನ್ನೂ ಶೇ 27.7. ಲಕ್ಷಗಟ್ಟಲೆ ಪ್ರೇಕ್ಷಕರು ಬಂದು ಹೋಗುವುದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಅದನ್ನೂ ಸೇರಿಸಿದರೆ ಕಾರಿನ ಪಾಲು ಇನ್ನೂ ಕರಗುತ್ತದೆ.

ಇದೇ ಲೆಕ್ಕವನ್ನು ನಮ್ಮ ಊರಿಗೆ ಇಳಿಸಿ ನೋಡೋಣ. ಗ್ಯಾರೇಜಿನ ಲೆಕ್ಕ ಇದು, ತಪ್ಪಿದ್ದರೆ ತಿದ್ದಿ. ಒಂದು ಮಣ್ಣಿನ ರೇಸಿಗೆ 60 ಬೈಕ್ ಬಂದವು ಅಂದುಕೊಳ್ಳಿ. ಪ್ರಾಕ್ಟೀಸೂ ಸೇರಿ ತಲಾ 5 ಲೀಟರ್ ಸುಟ್ಟರೆ 300 ಲೀಟರ್ ಪೆಟ್ರೋಲ್. ನೋಡಲು 5,000 ಮಂದಿ ಬಂದರು, ಬೈಕಿಗೆ ಇಬ್ಬರಂತೆ 2,500 ಬೈಕ್. ಹೋಗಿ ಬರಲು 40 ಕಿಲೋಮೀಟರ್, ಲೀಟರಿಗೆ 50 ಕಿಲೋಮೀಟರ್ ಮೈಲೇಜ್. ಆಯಿತಲ್ಲ, 2,000 ಲೀಟರ್. ರೇಸಿಗಿಂತ ರೇಸ್ ನೋಡುವುದಕ್ಕೇ ಆರೇಳು ಪಟ್ಟು ಜಾಸ್ತಿ. ಅದೇ ಮಂದಿಯನ್ನು 50ರಂತೆ 100 ಬಸ್ಸುಗಳಲ್ಲಿ ಕರೆದುಕೊಂಡು ಹೋದರೆ, ಬಸ್ಸಿಗೆ ಲೀಟರಿಗೆ 5 ಕಿಲೋಮೀಟರ್ ಹಿಡಿದರೂ, 800 ಲೀಟರ್ ಡೀಸೆಲಿನಲ್ಲಿ ಮುಗಿಯುತ್ತದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲಿ. ಧಾರವಾಡದ ಪಕ್ಕದಲ್ಲಿ ಬಸ್ಸು ಕಟ್ಟುವ ಕಾರ್ಖಾನೆಯೇ ಇದೆ. ಜಾತ್ರೆಗೆ ಸ್ಪೆಷಲ್ ಬಸ್ ಬಿಡುವವರು ರೇಸಿಗೂ ಬಿಡಬಹುದು. ಟಿಕೆಟ್ಟಿನಲ್ಲೇ ಬಸ್ ಚಾರ್ಜ್ ಸೇರಿಸಿ, ಪಾರ್ಕಿಂಗ್ ಜಾಗ ಕಡಿಮೆ ಮಾಡಿ. ಮಂದಿ ತಾವಾಗಿಯೇ ಬಸ್ ಹತ್ತುತ್ತಾರೆ.

ರೇಸಿನಿಂದ ಏನು ಲಾಭ ಅಂತ ಕೇಳುವವರಿಗೆ ಒಂದು ಸಂಗತಿ. ನಾವು ಓಡಿಸುವ ಗಾಡಿಯ ಎಂಜಿನ್, ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಪಾಲನ್ನು ಕೆಲಸಕ್ಕೆ ಬಳಸುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. 2017ರಲ್ಲಿ ಮರ್ಸಿಡಿಸ್‌ನವರು ತಮ್ಮ ಫಾರ್ಮುಲಾ ಒನ್ ಎಂಜಿನ್ ಪರೀಕ್ಷಾ ಬೆಂಚಿನ ಮೇಲೆ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೆಲಸಕ್ಕೆ ತಂದಿತು ಅಂದರು. ಸ್ಪ್ಯಾನರ್ ಹಿಡಿದವನಿಗೇ ಗೊತ್ತು ಅದೆಂಥ ಮಾತು ಅಂತ. 2026ರಿಂದ ಅಲ್ಲಿ ನೆಲದಿಂದ ತೆಗೆದ ಪೆಟ್ರೋಲ್ ಬಿಟ್ಟು, ತಯಾರಿಸಿದ ಸುಸ್ಥಿರ ಇಂಧನದಲ್ಲೇ ಓಡಬೇಕು ಅನ್ನುವ ನಿಯಮ ಬಂದಿದೆ. ಇದೆಲ್ಲ ನಾಳೆಯೇ ನಮ್ಮ ಸ್ಪ್ಲೆಂಡರಿಗೆ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೂ ಕೂತಲ್ಲೇ ಹುಟ್ಟುವ ತಂತ್ರಜ್ಞಾನವಲ್ಲ ಇದು.

ಬೂಟಾಟಿಕೆಯೂ ರೇಸಿನ ಲೋಕದಲ್ಲಿ ಬೇಕಾದಷ್ಟಿದೆ. ಎಕ್ಸ್‌ಟ್ರೀಮ್ ಇ ಅಂತ ಒಂದು ಎಲೆಕ್ಟ್ರಿಕ್ ರೇಸ್ 2021ರಲ್ಲಿ ಶುರುವಾಯಿತು. ಹವಾಮಾನ ಹಾಳಾದ ಜಾಗಗಳಿಗೇ ಹೋಗಿ ರೇಸ್ ಮಾಡಿ ಜಾಗೃತಿ ಮೂಡಿಸುತ್ತೇವೆ ಅಂತ ಕಾರುಗಳನ್ನು ಹಡಗಿನಲ್ಲಿ ಹೇರಿಕೊಂಡು ಗ್ರೀನ್‌ಲ್ಯಾಂಡಿನವರೆಗೂ ಹೋದರು. ಪ್ರೇಕ್ಷಕರನ್ನು ಕರೆಯಲಿಲ್ಲ ಅನ್ನುವುದು ಮೆಚ್ಚುವಂಥದ್ದು. ಆದರೆ ಹಿಮ ಕರಗುತ್ತಿದೆ ಅಂತ ಹೇಳಲು ಅಲ್ಲೇ ಹೋಗಿ ಚಕ್ರ ತಿರುಗಿಸಬೇಕಿತ್ತಾ? ನಾಳೆ ನಮ್ಮಲ್ಲೂ ಯಾರಾದರೂ "ಕಪ್ಪತಗುಡ್ಡ ಉಳಿಸಿ ರ್‍ಯಾಲಿ" ಅಂತ ಫ್ಲೆಕ್ಸ್ ಹಚ್ಚಿ ಗುಡ್ಡದಲ್ಲೇ ಜೀಪು ಓಡಿಸಲು ಅನುಮತಿ ಕೇಳಿಯಾರು. ದಯವಿಟ್ಟು ಕೊಡಬೇಡಿ.

"ಎಲೆಕ್ಟ್ರಿಕ್ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಅನ್ನುವವರೂ ಇದ್ದಾರೆ. ಹೊಗೆ ಹೋಗುತ್ತದೆ, ಶಬ್ದ ಇಳಿಯುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ನಡೆಯಿತಲ್ಲ, ಊರ ನಡುವಿನ ರಸ್ತೆಗಳನ್ನು ಮುಚ್ಚಿ ಮಂದಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಅದೇ ವರ್ಷದ ಕೊನೆಗೆ ಸರ್ಕಾರ ಬದಲಾಯಿತು, ಮರುವರ್ಷದ ರೇಸೇ ರದ್ದಾಯಿತು. ಬ್ಯಾಟರಿ ಗಾಡಿಯ ಚಕ್ರವೂ ಗುಡ್ಡದ ಹುಲ್ಲನ್ನು ಅಷ್ಟೇ ಕೀಳುತ್ತದೆ. ಅದರ ಟೈರೂ ಸವೆದು ಪುಡಿಯಾಗುತ್ತದೆ. ಧೂಳಂತೂ ಅಷ್ಟೇ.

ಧೂಳಿನ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಯಾಕಂದರೆ ನಮ್ಮ ಕಡೆಯ ರೇಸಿನಲ್ಲಿ ನಿಜವಾದ ತೊಂದರೆ ಅದೇ. 2019ರಲ್ಲಿ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ ಶುರುವಾದಾಗ, ಗಾಳಿಯ ಮಟ್ಟ ತಪ್ಪಿದ ಊರುಗಳು ಅಂತ ಕರ್ನಾಟಕದಿಂದ ನಾಲ್ಕನ್ನು ಹೆಸರಿಸಿದರು. ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ನಮ್ಮ ದೊಡ್ಡ ಕಾಯಿಲೆ ರಸ್ತೆಯ, ಕಾಮಗಾರಿಯ ಧೂಳು. ಅದರ ಮೇಲೆ ಊರೊಳಗಿನ ಮೈದಾನದಲ್ಲಿ ಮಣ್ಣು ಸುರಿದು, ಏರಿಳಿತ ಕಟ್ಟಿ, ಎರಡು ದಿನ ಗಾಡಿ ಹಾರಿಸಿದರೆ ಸುತ್ತಲಿನ ಓಣಿಯವರ ಗತಿ ಏನು? ಮಣ್ಣಿನ ರೇಸಿನಲ್ಲಿ ಗಾಡಿ ಮಣ್ಣನ್ನು ಅಗೆದು ಎಸೆಯುತ್ತದೆ, ಹಿಂದಿನ ಗಾಡಿ ಅದನ್ನು ಅರೆದು ಪುಡಿ ಮಾಡುತ್ತದೆ, ಮೂರನೆಯದು ಹಾರಿಸುತ್ತದೆ. ಸಂಜೆಗೆ ಅದು ಹಿಟ್ಟಾಗಿರುತ್ತದೆ. ಅದು ಏಳದಿರಲಿ ಅಂತ ಟ್ಯಾಂಕರ್ ಮೇಲೆ ಟ್ಯಾಂಕರ್ ನೀರು ಹೊಡೆಯುತ್ತಾರೆ. ನಳಕ್ಕೆ ದಿನಗಟ್ಟಲೆ ಕಾದು ನೀರು ಹಿಡಿಯುವ ಓಣಿಗಳಿರುವ ಊರಿನಲ್ಲಿ ರೇಸಿನ ಮಣ್ಣಿಗೆ ಒಳ್ಳೆಯ ನೀರು ಸುರಿಯುವುದನ್ನು ನೋಡಿದರೆ, ರೇಸ್ ಹುಚ್ಚನಾದ ನನಗೇ ಹೊಟ್ಟೆ ಉರಿಯುತ್ತದೆ. ಸಂಸ್ಕರಿಸಿದ ಕೊಳಚೆ ನೀರು ಬಿಟ್ಟು ಬೇರೆ ನೀರು ಟ್ರ್ಯಾಕಿಗೆ ಬಳಸುವಂತಿಲ್ಲ ಅಂತ ಅನುಮತಿ ಪತ್ರದಲ್ಲೇ ಬರೆಯಿರಿ.

ಅದಕ್ಕೇ ಕ್ವಾರಿ ಅಂದದ್ದು. ಹಳೆಯ ಕ್ವಾರಿಯ ತಳ ಗಟ್ಟಿ ಕಲ್ಲು, ಅಲ್ಲಿ ಅಗೆದು ಹಾಳು ಮಾಡುವುದಕ್ಕೆ ಏನೂ ಉಳಿದಿಲ್ಲ. ಮೂರು ಕಡೆ ಗೋಡೆ ಇರುವುದರಿಂದ ಶಬ್ದ ನೇರವಾಗಿ ಊರಿಗೆ ಹೋಗುವುದಿಲ್ಲ, ಗಾಳಿ ಕಡಿಮೆ ಆದ್ದರಿಂದ ಧೂಳೂ ಅಷ್ಟು ದೂರ ಹೋಗುವುದಿಲ್ಲ. ಲಾರಿ ಹೋಗುವ ರಸ್ತೆ ಮೊದಲೇ ಇರುತ್ತದೆ. ರೈತರ ಒಂದು ಗುಂಟೆ ಜಮೀನೂ ಬೇಡ. ಕೈಬಿಟ್ಟ ಕ್ವಾರಿಗೆ ಬೇಲಿ ಹಾಕದೆ, ಮಳೆಗಾಲದಲ್ಲಿ ಈಜಲು ಹೋದ ಮಕ್ಕಳು ಮುಳುಗುವ ಸುದ್ದಿ ಆಗಾಗ ಓದುತ್ತೇವೆ. ಟ್ರ್ಯಾಕ್ ಆದರೆ ಬೇಲಿ, ಗೇಟು, ಕಾವಲುಗಾರ ಬರುತ್ತಾರೆ. ಒಂದೇ ಎಚ್ಚರಿಕೆ: ನೀರು ನಿಂತು ಕೆರೆಯಾಗಿ ಹಕ್ಕಿ, ಮೀನು ಸೇರಿಕೊಂಡ ಕ್ವಾರಿಗಳಿವೆ. ಅವನ್ನು ಮುಟ್ಟಬೇಡಿ.

ದೊಡ್ಡ ಸರ್ಕೀಟ್ ಕಟ್ಟಿಸಿಕೊಡುತ್ತೇವೆ ಅಂತ ಯಾರಾದರೂ ನಕ್ಷೆ ಹಿಡಿದು ಬಂದರೆ ಗ್ರೇಟರ್ ನೋಯ್ಡಾ ನೆನಪಿಸಿ. ಅಲ್ಲಿ ರೈತರ ಜಮೀನು ತೆಗೆದುಕೊಂಡು 5.125 ಕಿಲೋಮೀಟರಿನ ಬುದ್ಧ ಸರ್ಕೀಟ್ ಕಟ್ಟಿದರು. 2011, 2012, 2013, ಮೂರೇ ವರ್ಷ ಫಾರ್ಮುಲಾ ಒನ್ ನಡೆದದ್ದು. ಆಮೇಲೆ ತೆರಿಗೆಯ ಜಗಳದಲ್ಲಿ ನಿಂತೇಹೋಯಿತು. ಜಮೀನಿನ ವಿಷಯದಲ್ಲಿ ನರಗುಂದ-ನವಲಗುಂದದ ಮಂದಿಗೂ, ಉಕ್ಕಿನ ಕಾರ್ಖಾನೆಯನ್ನು 2011ರಲ್ಲಿ ವಾಪಸ್ ಕಳಿಸಿದ ಮುಂಡರಗಿ ಕಡೆಯವರಿಗೂ ಹೊಸದಾಗಿ ಪಾಠ ಹೇಳುವ ಅಗತ್ಯ ಇಲ್ಲ. ನಮಗೆ ಬೇಕಿರುವುದು ಒಂದು ಕಿಲೋಮೀಟರಿನ ಮಣ್ಣಿನ ಸುತ್ತು.

ಷರತ್ತು ಹಾಕಿ ಆಡಲು ಬಿಡುವುದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದೇನಲ್ಲ. ನಮ್ಮಲ್ಲಿ ಎತ್ತು ಕಟ್ಟಿ ಖಾಲಿ ಗಾಡಾ (ಬಂಡಿ) ಓಡಿಸುವ ಶರ್ಯತ್ತು ಇದೆ. ಕಂಬಳ, ಎತ್ತಿನ ಗಾಡಿ ಓಟಗಳ ಬಗ್ಗೆ ತಕರಾರು ಬಂದಾಗ ಸರ್ಕಾರ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು, ಪ್ರಾಣಿಗೆ ಹಿಂಸೆ ಆಗದಂತೆ ನಡೆಸಿ ಅಂದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನು ಎತ್ತಿಹಿಡಿಯಿತು. ಎತ್ತಿನ ಓಟಕ್ಕೆ ನಿಯಮ ಬರೆಯಲು ಬಂದವರಿಗೆ ಎಂಜಿನ್ ಓಟಕ್ಕೆ ಬರೆಯಲು ಕಷ್ಟವೇನಿಲ್ಲ. ಜಾತ್ರೆಗಳಲ್ಲಿ ಈಗ ಟ್ರ್ಯಾಕ್ಟರ್ ಜಗ್ಗುವ ಶರ್ಯತ್ತೂ ಶುರುವಾಗಿದೆ, ಕರಿಹೊಗೆ ಕಾರುತ್ತಾ ಮುಂದಿನ ಚಕ್ರ ಮೇಲೆದ್ದು ನಿಲ್ಲುತ್ತವೆ. ನೋಡಲು ಮಜವೇ. ಆದರೆ ಅದಕ್ಕೆ ಕೇಳುವವರೇ ಇಲ್ಲ. ಅದನ್ನೂ ಇದೇ ನಿಯಮಕ್ಕೆ ಸೇರಿಸಿ.

ನಿಯಮ ಅಂದರೆ ನೂರು ಪುಟ ಬೇಡ. ಶಬ್ದದ ಕಾನೂನು 2000ದಿಂದಲೇ ಇದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹತ್ತಿರದ ಮನೆಯ ಅಂಗಳದಲ್ಲಿ ಮೀಟರ್ ಇಟ್ಟು ನೋಡಿ, 55 ದಾಟಿದರೆ ಆ ಜಾಗ ರೇಸಿಗಲ್ಲ. ಸ್ಪರ್ಧೆಗೆ ಮುಂಚೆ ಗಾಡಿಗಳ ತಪಾಸಣೆ ಆಗಿಯೇ ಆಗುತ್ತದೆ, ಆಗಲೇ ಸೈಲೆನ್ಸರಿನ ಶಬ್ದವನ್ನೂ ಅಳೆಯಬೇಕು. ಅಂತರರಾಷ್ಟ್ರೀಯ ಬೈಕ್ ರೇಸುಗಳಲ್ಲಿ ಪಿಟ್ಟಿನಲ್ಲಿ (ಗಾಡಿ ರಿಪೇರಿ ಮಾಡುವ ಜಾಗದಲ್ಲಿ) ನಿಂತ ಪ್ರತಿ ಗಾಡಿಯ ಕೆಳಗೆ ಆಯಿಲ್ ಹೀರುವ ಚಾಪೆ ಹಾಸಲೇಬೇಕು. ದೊಡ್ಡ ಖರ್ಚಿನ ಮಾತಲ್ಲ ಅದು, ಇಲ್ಲೂ ಕಡ್ಡಾಯ ಮಾಡಿ. ಟ್ರ್ಯಾಕಿನ ಅಂಚಿಗೆ ಹಳೆ ಟೈರ್ ಜೋಡಿಸುತ್ತಾರೆ, ರೇಸ್ ಮುಗಿದ ಮೇಲೆ ಅವು ಅಲ್ಲೇ ಬಿದ್ದಿರುತ್ತವೆ. ಒಳಗೆ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಟೈರಿಗೆ ಕೆಳಗೆ ತೂತು ಕೊರೆಯಲಿ, ಇಲ್ಲವೇ ಮಾರನೆಯ ದಿನವೇ ಎತ್ತಲಿ. ಠೇವಣಿ ಇಟ್ಟುಕೊಳ್ಳಿ, ಜಾಗ ಸ್ವಚ್ಛ ಆದ ಮೇಲೆ ವಾಪಸ್ ಕೊಡಿ. ದುಡ್ಡು ಸಿಕ್ಕಿಕೊಂಡರೆ ಮಾತ್ರ ನಮ್ಮ ಮಂದಿ ಕಸ ಎತ್ತುವುದು, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕಾಲವನ್ನೂ ಗೊತ್ತು ಮಾಡಿ. ಮಳೆಗಾಲದಲ್ಲಿ ಎರೆ ಕಡೆ ಗಾಡಿ ಇಳಿಸಿದರೆ ಹೊಲದ ದಾರಿಗಳೆಲ್ಲ ಕೆಟ್ಟುಹೋಗುತ್ತವೆ. ಫೆಬ್ರವರಿಯಿಂದ ಮೇವರೆಗೆ ಬೆಂಕಿ, ಧೂಳು, ಮೊಟ್ಟೆ ಇಡುವ ಹಕ್ಕಿ. ಉಳಿಯುವುದು ನವೆಂಬರ್, ಡಿಸೆಂಬರ್, ಜನವರಿ. ಬ್ಯಾಡಗಿ ಸುತ್ತಮುತ್ತ ಮಾತ್ರ ಡಿಸೆಂಬರಿಗೇ ಮುಗಿಸಬೇಕು. ಆಮೇಲೆ ಅಲ್ಲಿ ಕಣದ ತುಂಬ ಮೆಣಸಿನಕಾಯಿ ಒಣಗಲು ಹರಡಿರುತ್ತದೆ. ಅದರ ಬಣ್ಣಕ್ಕೇ ರೇಟು. ಧೂಳು ಕೂತ ಕಾಯಿ ತಂದ ರೈತನಿಗೆ ಮಾರುಕಟ್ಟೆಯಲ್ಲಿ ಯಾರೂ ರೇಸಿನ ಕಥೆ ಕೇಳುವುದಿಲ್ಲ.

ಇನ್ನು ಬೈಪಾಸಿನ ರಾತ್ರಿ ಓಟ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಅಪರಾಧ. ಪೊಲೀಸರು ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ಬರುತ್ತದೆ. ಒಳ್ಳೆಯದೇ. ಆದರೆ ಆ ಸೈಲೆನ್ಸರ್ ಮಾರಿದ ಅಂಗಡಿ ಮರುದಿನವೂ ತೆರೆದಿರುತ್ತದೆ. ಅದನ್ನು ಕೂರಿಸಿಕೊಟ್ಟ ನಮ್ಮ ಕಸುಬಿನವರೂ ಇದ್ದಾರೆ. ಹುಡುಗನೊಬ್ಬನಿಗೇ ದಂಡ ಹಾಕಿದರೆ ಸಾಲದು, ಅಂಗಡಿಗೂ ಗ್ಯಾರೇಜಿಗೂ ಹಾಕಿ. ನನ್ನ ಈ ಮಾತಿಗೆ ನಮ್ಮ ಓಣಿಯ ಗ್ಯಾರೇಜಿನವರು ಸಿಟ್ಟಾಗುತ್ತಾರೆ, ಆಗಲಿ. ಹಳೆ ಎಂಜಿನ್ ಆಯಿಲನ್ನು ಗಟಾರಕ್ಕೆ ಸುರಿಯುವ ಅಭ್ಯಾಸಕ್ಕೂ ಇದೇ ಮದ್ದು. ಅದು ಅಪಾಯಕಾರಿ ತ್ಯಾಜ್ಯ, ಡಬ್ಬಿಯಲ್ಲಿ ತುಂಬಿಟ್ಟು ಪರವಾನಗಿ ಇದ್ದವರಿಗೇ ಕೊಡಬೇಕು ಅಂತ ನಿಯಮ ಇದೆ. ರೇಸಿನ ಹೊಗೆ ವರ್ಷಕ್ಕೆ ನಾಲ್ಕು ದಿನ. ಗಟಾರಕ್ಕೆ ಹೋಗುವ ಆಯಿಲ್ ದಿನಾಲೂ.

ಮಾನ್ಯರೇ, ಕೈಬಿಟ್ಟ ಕ್ವಾರಿಗಳ ಸರ್ವೆ ನಂಬರುಗಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಇದ್ದೇ ಇರುತ್ತವೆ. ಧಾಮದಿಂದ, ಕೆರೆಯಿಂದ, ಊರಿನಿಂದ ದೂರ ಇರುವ ಐದಾರನ್ನು ಆರಿಸಿಕೊಳ್ಳಿ. ಅರಣ್ಯ ಇಲಾಖೆಯವರನ್ನೂ, ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನೂ, ಪಕ್ಕದ ಪಂಚಾಯ್ತಿಯವರನ್ನೂ ಕರೆದುಕೊಂಡು ಮಳೆ ಮುಗಿದ ಮೇಲೆ ಒಂದು ದಿನ ನೋಡಲು ಹೊರಡಿ. ನಾವೂ ಬರುತ್ತೇವೆ. ಶಬ್ದ ಅಳೆಯುವ ಮೀಟರ್, ಟೇಪು ನಾವೇ ತರುತ್ತೇವೆ. ಸೈಲೆನ್ಸರ್ ಬಿಚ್ಚಿದ ಒಂದು ಗಾಡಿ, ಬಿಚ್ಚದ ಒಂದು ಗಾಡಿ ಎರಡನ್ನೂ ತಂದು, ನೀವು ಹತ್ತಿರದ ಮನೆಯ ಬಾಗಿಲಲ್ಲಿ ನಿಂತಿರುವಾಗ ಕ್ವಾರಿಯೊಳಗೆ ಚಾಲೂ ಮಾಡಿ ತೋರಿಸುತ್ತೇವೆ. ಮನೆಯವರು ಒಪ್ಪಿದರೆ ಮುಂದಿನ ಕಾಗದ ಮಾಡಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಬೈಕ್ ಮೆಕ್ಯಾನಿಕ್